ಧರೆ ಹತ್ತಿಸಲು ಯಾವುದು ವಾಸಿ: ದಬ್ಬೆಯೋ, ರಾಟೆಯೋ, ಜೋಡಿ ರಾಟೆಯೋ?

ನಮ್ಮ ತೋಟ ತೀರ್ಥಹಳ್ಳಿ ಕಡೆ. ತೋಟ ಕೆಳಗೆ, ಮನೆ ಮೇಲೆ, ನಡುವೆ 5 ಅಡಿ ಎತ್ತರದ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. ಅಡಿಕೆ ಗೊನೆ ಕೊಯ್ಲು ಶುರುವಾದರೆ ಹಸಿ ಅಡಿಕೆ ಮೂಟೆಗಳನ್ನು ಅದರ ಮೇಲೆ ಹತ್ತಿಸುವುದೇ ದೊಡ್ಡ ಕೆಲಸ. ಆಳು ಸಿಗುವುದಿಲ್ಲ. ಹಾಗಾಗಿ 50 ಕಿಲೋದ ಮೂಟೆಯೊಂದನ್ನೇ ಬೇರೆ ಬೇರೆ ರೀತಿ ಎಳೆದು, ಹಗ್ಗಕ್ಕೆ ಕೊಕ್ಕೆ ತಕ್ಕಡಿ ಸಿಕ್ಕಿಸಿ ನೋಡಿದೆ.

ಮೊದಲು ಬಾವಿಯ ಹಳೇ ಮರದ ರಾಟೆ. ಧರೆ ಮೇಲಿನ ಹಲಸಿನ ಕೊಂಬೆಗೆ ಕಟ್ಟಿದೆವು. ಒಂಟಿ ರಾಟೆ ಭಾರ ಇಳಿಸುವುದಿಲ್ಲ, ದಿಕ್ಕು ಬದಲಿಸುತ್ತದೆ ಅಷ್ಟೇ. ತಕ್ಕಡಿ ತೋರಿಸಿದ್ದು 62 ಕಿಲೋ. ಮೂಟೆಗಿಂತ ಜಾಸ್ತಿ! ಉಳಿದ 12 ಕಿಲೋ ಅಚ್ಚಿನ ತಿಕ್ಕಾಟಕ್ಕೇ ಹೋಯಿತು. ಅಚ್ಚಿಗೆ ಗ್ರೀಸ್ ಹಚ್ಚಿದರೆ 57ಕ್ಕೆ ಇಳಿಯಿತು. ಬೇರಿಂಗ್ ಇರುವ ಕಬ್ಬಿಣದ ರಾಟೆಯಲ್ಲಿ 53 ಸಾಕು, ಅಂದರೆ ದಕ್ಷತೆ (ಹಾಕಿದ ಶ್ರಮದಲ್ಲಿ ಮೂಟೆ ಏರಿಸಲು ಬಳಕೆಯಾದ ಪಾಲು) 94 ಶೇಕಡಾ. ಆದರೆ ಮೂಟೆಯಷ್ಟೇ ತೂಕದ ಮನುಷ್ಯ ಎಳೆದರೆ ಮೂಟೆಯ ಬದಲು ಅವನೇ ಮೇಲೇಳುತ್ತಾನೆ. ದಕ್ಷತೆ ಚೆನ್ನಾಗಿದ್ದರೆ ಕೆಲಸ ಹಗುರ ಅಂತ ಅಲ್ಲ.

ಜೋಡಿ ರಾಟೆಯಲ್ಲಿ ಒಂದು ಕೊಂಬೆಗೆ, ಇನ್ನೊಂದು ಮೂಟೆಯ ಜೊತೆಗೇ ಮೇಲೇರುತ್ತದೆ. ಭಾರವನ್ನು ಹಗ್ಗದ ಎರಡು ಎಳೆ ಹಂಚಿಕೊಳ್ಳುತ್ತವೆ. ಲೆಕ್ಕಕ್ಕೆ 25 ಕಿಲೋ ಸಾಕು, ನಿಜಕ್ಕೆ 30 ಬೇಕಾಯಿತು. ಹಗ್ಗ ಮಾತ್ರ 5 ಅಡಿಯ ಬದಲು 10 ಅಡಿ ಎಳೆಯಬೇಕು. 30ನ್ನು 10ರಿಂದ ಗುಣಿಸಿ: 300. ಮೂಟೆ ಏರಲು ಬೇಕಾದದ್ದು 50ನ್ನು 5ರಿಂದ ಗುಣಿಸಿದರೆ ಬರುವ 250. ಅಂದರೆ 83 ಶೇಕಡಾ. ಬೇರಿಂಗಿನ ಒಂಟಿ ರಾಟೆಗಿಂತ ದಕ್ಷತೆ ಕಡಿಮೆ, ಆದರೂ ಅಮ್ಮ ಕೂಡ ಎಳೆದರು.

ಅಪ್ಪಯ್ಯ ಮೊದಲಿಂದಲೂ ದಬ್ಬೆಯ ಪರ. ಅಡಿಕೆ ಮರ ಸೀಳಿದ 15 ಅಡಿಯ ದಬ್ಬೆಗಳನ್ನು ಧರೆಗೆ ಒರಗಿಸಿ, ಮೂಟೆಯನ್ನು ಮೇಲಿಂದ ಹಗ್ಗದಲ್ಲಿ ಜಗ್ಗುವುದು. ಉದ್ದ ಎತ್ತರದ ಮೂರು ಪಟ್ಟು, ಆದ್ದರಿಂದ ಲೆಕ್ಕಕ್ಕೆ ಸುಮಾರು 17 ಕಿಲೋ ಸಾಕು. ತಕ್ಕಡಿ 35 ತೋರಿಸಿತು. 15 ಅಡಿಗೂ ಎಳೆದರೆ 525! ಅರ್ಧಕ್ಕಿಂತ ಜಾಸ್ತಿ ಶ್ರಮ ಸುಮ್ನೆ ತಿಕ್ಕಾಟಕ್ಕೆ ಹೋಗುತ್ತದೆ.

ಆದರೆ ಅದೇ ತಿಕ್ಕಾಟ ನಮ್ಮನ್ನು ಕಾಯುತ್ತದೆ. ಅರ್ಧ ದಾರಿಯಲ್ಲಿ ಹಗ್ಗ ಬಿಟ್ಟು ನಿಂತೆ. ಗೋಣಿ ದಬ್ಬೆಯ ನಾರಿಗೆ ಕಚ್ಚಿಕೊಂಡು ಅಲ್ಲೇ ಕೂತಿತು, ಒಂದು ಬೆರಳಿನಷ್ಟೂ ಜಾರಲಿಲ್ಲ. ದಕ್ಷತೆ 50 ಶೇಕಡಾಕ್ಕಿಂತ ಕೆಳಗಿದ್ದರೆ ಭಾರ ತಾನಾಗಿ ವಾಪಸ್ ಬರುವುದಿಲ್ಲ. ಲಾರಿ ಎತ್ತುವ ಸ್ಕ್ರೂ ಜಾಕ್ ಕೂಡ ಹೀಗೇ ನಿಲ್ಲುತ್ತದೆ. ರಾಟೆಯಲ್ಲಿ ಕೈ ಬಿಟ್ಟರೆ ಮೂಟೆ ಧೊಪ್ಪನೆ ಕೆಳಗೆ ಬೀಳುತ್ತದೆ.

ಮಳೆ ಬಂದು ದಬ್ಬೆ ನೆಂದಾಗ ಲೆಕ್ಕವೇ ತಿರುಗಿತು. 24 ಕಿಲೋಗೆ ಮೂಟೆ ಸರಸರ ಏರಿತು, ದಕ್ಷತೆ 70 ಶೇಕಡಾ ಹತ್ತಿರ ಬಂತು. ಹಗ್ಗ ಸಡಿಲಿಸಿದ್ದೇ ತಡ, ಮೂಟೆ ಜಾರಿ ತೋಟಕ್ಕೆ ಬಿತ್ತು. ಕೆಳಗೆ ಯಾರಾದರೂ ನಿಂತಿದ್ದರೆ ಏನು ಗತಿ, ಅಲ್ವಾ?

ಗ್ಯಾರೇಜಿನಿಂದ ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವ ಸಾಧನ) ತಂದೂ ನೋಡಿದೆವು. ಒಂದೇ ಕೈಯಲ್ಲಿ ಎಳೆಯಬಹುದು, ಬಿಟ್ಟರೂ ನಿಲ್ಲುತ್ತದೆ. ಆದರೆ ಸರಪಳಿ ಎಳೆದಷ್ಟೂ ಮುಗಿಯುವುದಿಲ್ಲ. ಸಾಲು ಮೂಟೆಗಳಿಗೆ ಅದು ಆಗದ ಮಾತು.

ಮೂಟೆಯನ್ನು ಮೇಲಿಂದ ಅಂಗಳಕ್ಕೆ ಸೆಳೆದುಕೊಳ್ಳಲು ಇನ್ನೊಬ್ಬರಿದ್ದರೆ ನನ್ನ ಆಯ್ಕೆ ಜೋಡಿ ರಾಟೆ. ಒಬ್ಬನೇ ಇದ್ದ ದಿನ ಒಣ ದಬ್ಬೆ. ನೆಂದ ದಬ್ಬೆ ಯಾರಿಗೂ ಬೇಡ.