ಬಾಲವಿಲ್ಲದ ಕುದುರೆಗೆ ಒಂಬತ್ತು ಸಾವಿರ ಕೊಟ್ಟೆ: ಹಳೆಯ ರಿವಾಲ್ವರ್ ಇರುವವರು ಓದಿ

ಬರೆಯುವುದಕ್ಕೇ ನಾಚಿಕೆಯಾಗುತ್ತಿದೆ. ಓದದೆ ಸಹಿ ಹಾಕಬೇಡಿ ಎಂದು ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಹೇಳಿದವನು, ಮಾಲನ್ನು ನೋಡದೆ ಒಂಬತ್ತು ಸಾವಿರ ರೂಪಾಯಿ ಕಳುಹಿಸಿದೆ.

ನಮ್ಮದು ಅಜ್ಜನ ವೆಬ್ಲಿ ಮಾರ್ಕ್ 4 ರಿವಾಲ್ವರ್, ನಳಿಗೆಯ ಅಳತೆ 32 ಬೋರು. ಲೈಸೆನ್ಸ್ ಅಪ್ಪನ ನಂತರ ನನ್ನ ಹೆಸರಿಗಾಗಿದೆ. ಚುನಾವಣೆಗೆಂದು ಠಾಣೆಯಲ್ಲಿಟ್ಟದ್ದನ್ನು ಮರಳಿ ತಂದ ದಿನವೇ ಕೈಜಾರಿ ಮುರಕಲ್ಲಿನ ಮೆಟ್ಟಿಲಿಗೆ ಬಿತ್ತು. ತೋಟೆಗೆ ಬಡಿದು ಗುಂಡು ಹಾರಿಸುವ ಹ್ಯಾಮರಿನಲ್ಲಿ ಹೆಬ್ಬೆರಳಿಟ್ಟು ಎಳೆಯುವ ತುದಿ ಮುರಿಯಿತು. ಹ್ಯಾಮರ್ ಅಜ್ಜನ ಬಾಯಲ್ಲಿ ಕುದುರೆ, ಆ ತುದಿ ಅದರ ಬಾಲ.

ಬೇರೆ ಹ್ಯಾಮರ್ ಹುಡುಕುತ್ತಿದ್ದಾಗ ಮಂಗಳೂರಿನ ಕೋವಿ ಅಂಗಡಿಯವನೆಂದು ಹೇಳಿಕೊಂಡ ಒಬ್ಬ ಫೋನಿಗೆ ಸಿಕ್ಕಿದ. "ಮಾಷೆ, ಅಸಲಿ ವೆಬ್ಲಿ, ಇಂಗ್ಲೆಂಡಿನ ಮಾಲು. ನಾಳೆ ಬೇರೆಯವರು ಕೊಂಡುಹೋಗುತ್ತಾರೆ." ಹಣ ಹಾಕಿದೆ. ಕುಂಬಳೆ ಬಸ್ ನಿಲ್ದಾಣದ ಹತ್ತಿರ ಬಿಸ್ಕತ್ತಿನ ಡಬ್ಬಿ ಕೈಗಿಟ್ಟ. ಲೈಸೆನ್ಸ್ ಕೇಳಲಿಲ್ಲ, ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ, ಬಿಲ್ಲೂ ಇಲ್ಲ. ಆಗಲೇ ಡಬ್ಬಿಯನ್ನು ಅವನ ಕೈಗೇ ತುರುಕಿ ಬರಬೇಕಿತ್ತು. ಬರಲಿಲ್ಲ.

ಮನೆಯಲ್ಲಿ ಬಿಚ್ಚಿ ನೋಡಿದರೆ ಕುದುರೆಗೆ ಬಾಲವೇ ಇಲ್ಲ! ಮುರಿದದ್ದಲ್ಲ, ಹುಟ್ಟಿನಿಂದಲೇ ಬೋಳು. ತಿರುಗಿಸಿ ನೋಡಿದೆ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ನನಗೆ ಬೇಕಾಗಿದ್ದದ್ದೇ ಆ ಬಾಲ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೂ ಹೇಳಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಫೋನ್ ಮಾಡಿದೆ. "ಬಾಲ ಇಲ್ಲದ್ದೇ ಒಳ್ಳೆಯದು ಮಾಷೆ, ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ." ಕೂರುವುದಿಲ್ಲವಲ್ಲ ಎಂದೆ. "ಸ್ವಲ್ಪ ಅರ ಹಾಕಿ ಉಜ್ಜಿ." ಹಣ ವಾಪಸು ಕೊಡು ಎಂದೆ. "ನೀವು ವೆಬ್ಲಿ ಎಂದು ಹೇಳಲೇ ಇಲ್ಲವಲ್ಲ." ಹೇಳಿದ್ದ ಸಂದೇಶ ನನ್ನ ಮೊಬೈಲಿನಲ್ಲಿ ಈಗಲೂ ಇದೆ! ಅದನ್ನೇ ಅವನಿಗೆ ಕಳುಹಿಸಿದೆ. ಆಮೇಲೆ ಫೋನ್ ಎತ್ತಲಿಲ್ಲ.

ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿದಾಗ ನಿಜ ತಿಳಿಯಿತು. ಅದು ಬ್ರಿಟಿಷ್ ಸೈನ್ಯದ ಎನ್‌ಫೀಲ್ಡ್ ನಂಬರ್ 2 ರಿವಾಲ್ವರಿನ ಹ್ಯಾಮರ್. 1938ರಲ್ಲಿ ಟ್ಯಾಂಕಿನವರಿಗಾಗಿ, ಒಳಗೆ ಎಲ್ಲೂ ಸಿಕ್ಕಿಕೊಳ್ಳದಿರಲೆಂದು, ಬಾಲ ತೆಗೆದು ಮಾಡಿದ ಮಾದರಿ. ಬಟ್ಟೆಯ ಮಾತನ್ನು ಆ ಕಳ್ಳ ಎಲ್ಲಿಂದ ಕಲಿತನೋ! ಹೊರಗಿನಿಂದ ನೋಡಿದರೆ ಎನ್‌ಫೀಲ್ಡೂ ವೆಬ್ಲಿಯೂ ಅಣ್ಣತಮ್ಮಂದಿರು, ಒಳಗಿನ ಭಾಗಗಳು ಮಾತ್ರ ಒಂದರದು ಒಂದಕ್ಕೆ ಕೂರುವುದಿಲ್ಲ. ಮೇಲಾಗಿ ಅದು 38 ಬೋರಿನದು, ನಮ್ಮಂಥವರಿಗೆ ನಿಷಿದ್ಧ.

"ಇದನ್ನು ಮನೆಯಲ್ಲಿ ಇಡಬೇಡಿ" ಎಂದರು ಅವರು. 1959ರ ಆಯುಧ ಕಾಯ್ದೆಯ ಪ್ರಕಾರ ಬಿಡಿಭಾಗವೂ ಆಯುಧವೇ, ಮಾರುವುದಕ್ಕೂ ರಿಪೇರಿಗೂ ಲೈಸೆನ್ಸ್ ಬೇಕು. ಊರ ಕಮ್ಮಾರನಿಂದ ಹೊಸದು ಮಾಡಿಸುವ ಯೋಚನೆಯೂ ನನಗಿತ್ತು ಎಂದು ಅವರಿಗೆ ಹೇಳಲೇ ಇಲ್ಲ.

ಹಳೆಯದಕ್ಕೆ ಭಾಗ ಬೇಕಿದ್ದರೆ ಲೈಸೆನ್ಸ್ ಇರುವ ಅಂಗಡಿಗೆ ಕೋವಿಯನ್ನೇ ಒಯ್ದು ತೋರಿಸಿ, ಬಿಲ್ ಕೇಳಿ. ಬಿಸ್ಕತ್ತಿನ ಡಬ್ಬಿಯಲ್ಲಿ ಬಂದರೆ ಮುಟ್ಟಲೇ ಬೇಡಿ.

ಡಬ್ಬಿಯನ್ನು ಠಾಣೆಗೆ ಒಪ್ಪಿಸಿ, ನಡೆದದ್ದನ್ನೆಲ್ಲ ಬರೆದುಕೊಟ್ಟೆ. ಬರೆಸಿಕೊಂಡ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಕಾಗದವನ್ನು ನನ್ನ ಮುಂದಿಟ್ಟು ಮೆಲ್ಲನೆ ಹೇಳಿದ: "ಓದಿ ನೋಡಿ ಸಹಿ ಹಾಕಿ, ಮಾಷೆ."