ಪೊಯೆಟ್ರಿ ಶೆಲ್, ಜೂಲಿಯಾ, ಸಾದಾ ಆಕ್ಟಿವೇಟ್: ಫೋಲ್ಡರ್ ಬದಲಿಸಲು ಯಾವುದು ವಾಸಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಾದಾ ಆಕ್ಟಿವೇಟ್‌ಗೆ, ಅಂದರೆ ಪೈಥಾನ್ ಪ್ರಾಜೆಕ್ಟಿನ ಎನ್ವಿರಾನ್ಮೆಂಟನ್ನು (ಅದಕ್ಕೆಂದೇ ಇಟ್ಟ ಪ್ಯಾಕೇಜ್‌ಗಳ ಕಟ್ಟನ್ನು) ಚಾಲೂ ಮಾಡುವ ಫೈಲಿಗೆ. ಬೆಂಗಳೂರಿನ ಕೆರೆಗಳ ಡೇಟಾ ನೋಡುವುದು ನನ್ನ ಕೆಲಸ. ಅಗರ, ಬೆಳ್ಳಂದೂರು, ವರ್ತೂರು, ಹೀಗೆ ಕೆರೆಗೊಂದು ಫೋಲ್ಡರ್. ಬೆಳ್ಳಂದೂರಿನ ನೀರು ವರ್ತೂರಿಗೆ ಹರಿಯುತ್ತದೆ ಅಲ್ವಾ? ಹಾಗಾಗಿ ಒಂದರ ಲೆಕ್ಕ ಹಿಡಿದುಕೊಂಡು ಇನ್ನೊಂದಕ್ಕೆ ಹೋಗುತ್ತಲೇ ಇರಬೇಕು.

ಪೊಯೆಟ್ರಿ ಅಂದರೆ ಪೈಥಾನ್ ಪ್ಯಾಕೇಜ್‌ಗಳನ್ನು ನೋಡಿಕೊಳ್ಳುವ ಟೂಲ್. ಅದರ ಶೆಲ್ ಕಮಾಂಡ್ ನನಗೆ ಒಗ್ಗದಿದ್ದುದು ಇಲ್ಲೇ. ಅದು ನಿಮ್ಮ ಶೆಲ್ (ಕಮಾಂಡ್ ಟೈಪ್ ಮಾಡುವ ಪ್ರೋಗ್ರಾಂ) ಒಳಗೆ ಇನ್ನೊಂದು ಶೆಲ್ ಶುರು ಮಾಡುತ್ತದೆ. ಅಗರದಲ್ಲಿದ್ದಾಗ ಅದನ್ನು ತೆರೆದು, ಸಿಡಿ (ಫೋಲ್ಡರ್ ಬದಲಿಸುವ ಕಮಾಂಡ್) ಕೊಟ್ಟು ವರ್ತೂರಿಗೆ ಹೋಗಿ, ಕೆಲಸ ಮುಗಿಸಿ ಎಕ್ಸಿಟ್ ಹೊಡೆದರೆ ಮತ್ತೆ ಅಗರದಲ್ಲೇ ಇರುತ್ತೀರಿ. ಓಡುತ್ತಿರುವ ಪ್ರತಿ ಪ್ರೋಗ್ರಾಂಗೂ ಅದರದೇ ಫೋಲ್ಡರ್ ಇರುತ್ತದೆ. ಒಳಗಿನದು ಎಲ್ಲಿಗೆ ಹೋದರೂ ಹೊರಗಿನದು ಕದಲುವುದಿಲ್ಲ.

ಅಷ್ಟೇ ಆಗಿದ್ದರೆ ಇನ್ನೊಮ್ಮೆ ಸಿಡಿ ಹೊಡೆಯಬಹುದಿತ್ತು. ಆದರೆ ‘ಸಿಡಿ’ ನಂತರ ಅಡ್ಡಗೆರೆ (-) ಹಾಕಿ ಹಿಂದಿನ ಫೋಲ್ಡರಿಗೆ ಹೋಗೋಣ ಅಂದರೆ ಹೊರಗಿನ ಶೆಲ್‌ಗೆ ವರ್ತೂರು ಗೊತ್ತೇ ಇಲ್ಲ. ಬ್ಯಾಶ್ ಅನ್ನುವ ಶೆಲ್‌ನಲ್ಲಿ ಮೇಲಿನ ಬಾಣದ ಕೀ ಒತ್ತಿದರೆ ಒಳಗೆ ಟೈಪ್ ಮಾಡಿದ್ದ ಉದ್ದುದ್ದ ಕಮಾಂಡ್‌ಗಳೂ ಬರುವುದಿಲ್ಲ. ಅದೇ ಫೈಲ್ ಹೆಸರು, ಅದೇ ತಾರೀಕು, ಎಲ್ಲ ಮತ್ತೆ ಟೈಪ್ ಮಾಡಬೇಕು. ಸಂಜೆ ಹೊತ್ತಿಗೆ ಸಾಕಾಗಿ ಹೋಗುತ್ತದೆ.

2025ರ ಜನವರಿಯಲ್ಲಿ ಬಂದ ಪೊಯೆಟ್ರಿ 2.0ರಲ್ಲಿ ಈ ಶೆಲ್ ಜೊತೆಗೆ ಬರುವುದಿಲ್ಲ, ಬೇಕಾದವರು ಪ್ಲಗಿನ್ ಹಾಕಿಕೊಳ್ಳಬೇಕು.

ಜೂಲಿಯಾ ಬೇರೆಯೇ ಪ್ರೋಗ್ರಾಮಿಂಗ್ ಭಾಷೆ, ಅದರ ರೀತಿ ಚೆನ್ನಾಗಿದೆ. ಪ್ಯಾಕೇಜ್ ಸೇರಿಸುವ ಅದರ ಪ್ರಾಂಪ್ಟ್‌ನಲ್ಲಿ ಸಿಡಿ ಇಲ್ಲ. ಬ್ಯಾಕ್‌ಸ್ಪೇಸ್ ಒತ್ತಿ ಹೊರಬಂದು, ಸೆಮಿಕೋಲನ್ ಹಾಕಿ ಸಿಡಿ ಕೊಡಬೇಕು. ಆಗ ಜೂಲಿಯಾವೇ ಆ ಫೋಲ್ಡರಿಗೆ ಹೋಗುತ್ತದೆ. ಆದರೆ ಪ್ರಾಜೆಕ್ಟ್ ಮಾತ್ರ ಹಳೆಯದೇ. ಹೊಸ ಫೋಲ್ಡರಿನಲ್ಲಿ ಮತ್ತೆ ಆಕ್ಟಿವೇಟ್ ಮಾಡದೆ ಪ್ಯಾಕೇಜ್ ಸೇರಿಸಿದರೆ ಅದು ಹಳೆಯ ಪ್ರಾಜೆಕ್ಟಿಗೇ ಹೋಗಿ ಕೂರುತ್ತದೆ. ನನ್ನ ಕೋಡ್ ಎಲ್ಲ ಪೈಥಾನ್‌ನಲ್ಲಿದೆ, ಸುಮ್ನೆ ಭಾಷೆ ಬದಲಿಸಲಾರೆ.

ಸಾದಾ ಆಕ್ಟಿವೇಟ್‌ನಲ್ಲಿ ಹೊಸ ಶೆಲ್ ಹುಟ್ಟುವುದೇ ಇಲ್ಲ. ಸೋರ್ಸ್ ಕಮಾಂಡ್ ಆಕ್ಟಿವೇಟ್ ಫೈಲನ್ನು ನೀವಿರುವ ಶೆಲ್‌ನಲ್ಲೇ ಓಡಿಸುತ್ತದೆ. ಡಿಆಕ್ಟಿವೇಟ್ ಕೊಟ್ಟ ಮೇಲೂ ನಾನು ವರ್ತೂರಿನಲ್ಲೇ ಇರುತ್ತೇನೆ, ಬಾಣದ ಕೀ ಒತ್ತಿದರೆ ಹಳೆಯ ಕಮಾಂಡ್‌ಗಳೂ ಬರುತ್ತವೆ. ಆ ಫೈಲಿನ ಪಾತ್ ಉದ್ದ ಅನ್ನುವುದೊಂದೇ ಕಷ್ಟ. ಅದಕ್ಕೆ ಬ್ಯಾಶ್‌ಆರ್‌ಸಿಯಲ್ಲಿ (ಬ್ಯಾಶ್‌ನ ಸೆಟ್ಟಿಂಗ್ ಫೈಲಿನಲ್ಲಿ) ಪೂರ್ತಿ ಪಾತ್ ಕೊಟ್ಟು ಎರಡಕ್ಷರದ ಅಲಿಯಾಸ್, ಅಂದರೆ ಅಡ್ಡಹೆಸರು, ಬರೆದಿಟ್ಟಿದ್ದೇನೆ. ಮೂರೂ ಪುಕ್ಕಟೆಯೇ, ದುಡ್ಡಿನ ಪ್ರಶ್ನೆ ಇಲ್ಲ.

ಆಫೀಸಿನಲ್ಲಿ ಪೊಯೆಟ್ರಿ ಬಿಡುವಂತಿಲ್ಲ ಅನ್ನುವವರು ಪ್ಯಾಕೇಜ್ ಸೇರಿಸಲು ಅದನ್ನೇ ಬಳಸಿ. ಓಡಾಟಕ್ಕೆ ಮಾತ್ರ ಅದರ ಎನ್ವಿರಾನ್ಮೆಂಟನ್ನು ನಿಮ್ಮ ಶೆಲ್‌ನಲ್ಲೇ ಆಕ್ಟಿವೇಟ್ ಮಾಡಿಕೊಳ್ಳಿ.