ಮೂರು ಬಗೆಯಲ್ಲಿ ಎಣಿಸಿದರೆ ಮೂವರು ಗೆಲ್ಲುವ ಚುನಾವಣೆ: ಸಿಐವಿಎಸ್ ಮತದಾನ ಸೇವೆಯನ್ನು ಬಳಸಿ ನೋಡಿದಾಗ

ವಿಜ್ಞಾನ ಕಥೆಗಳ ಓದುಗರಾದ ನಾವು ನಡೆಸಿಕೊಂಡು ಬಂದಿರುವ ಅಭಿಮಾನಿ ಬಳಗದಲ್ಲಿ ವರ್ಷಕ್ಕೊಮ್ಮೆ ಸಂಚಾಲಕರ ಆಯ್ಕೆ ನಡೆಯುತ್ತದೆ. ಕೆಲಸ ದೊಡ್ಡದೇನಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ಆದರೂ ಫಲಿತಾಂಶ ಬಂದ ಮೇಲೆ ತಿಂಗಳುಗಟ್ಟಲೆ ಮುನಿಸು ಉಳಿಯುವುದು ವಾಡಿಕೆಯಾಗಿತ್ತು. ಹಿಂದಿನ ವರ್ಷಗಳಲ್ಲಿ ನಾವು ಬಳಸುತ್ತಿದ್ದ ಆನ್‌ಲೈನ್ ಅರ್ಜಿ ನಮೂನೆಯಲ್ಲಿ ಒಬ್ಬರನ್ನು ಮಾತ್ರ ಆರಿಸಬಹುದಾಗಿತ್ತು, ಮತ್ತು ಎರಡು ಖಾತೆಗಳಿರುವವರು ಎರಡು ಮತ ಹಾಕಿದರೆ ತಡೆಯುವ ದಾರಿ ಇರಲಿಲ್ಲ. ಈ ಬಾರಿ ಚುನಾವಣೆ ನಡೆಸುವ ಹೊಣೆ ನನ್ನ ಪಾಲಿಗೆ ಬಂದದ್ದರಿಂದ, ಬಹಳ ದಿನಗಳಿಂದ ಕೇಳಿ ತಿಳಿದಿದ್ದ ಸಿಐವಿಎಸ್ ಎಂಬ ಸೇವೆಯನ್ನು ಬಳಸಿದೆ.

ಹೆಸರನ್ನು ಬಿಡಿಸಿದರೆ ‘ಕಾಂಡೋರ್ಸೆ ಇಂಟರ್ನೆಟ್ ವೋಟಿಂಗ್ ಸರ್ವಿಸ್’ ಎಂದಾಗುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗಣಕವಿಜ್ಞಾನಿ ಆಂಡ್ರೂ ಮೈಯರ್ಸ್ ರೂಪಿಸಿದ ಈ ಸೇವೆಗೆ ಶುಲ್ಕವಿಲ್ಲ. ಮತದಾರರು ಅಭ್ಯರ್ಥಿಗಳನ್ನು ಪ್ರಾಶಸ್ತ್ಯದ ಕ್ರಮದಲ್ಲಿ ಜೋಡಿಸುತ್ತಾರೆ. ಯಂತ್ರವು ಪ್ರತಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಯಾರನ್ನು ಯಾರಿಗಿಂತ ಎಷ್ಟು ಮಂದಿ ಮೇಲೆ ಇರಿಸಿದ್ದಾರೆಂದು ಎಣಿಸುತ್ತದೆ. ಉಳಿದ ಎಲ್ಲರನ್ನೂ ಹೀಗೆ ಒಬ್ಬೊಬ್ಬರಾಗಿ ಸೋಲಿಸುವ ಅಭ್ಯರ್ಥಿ ಇದ್ದರೆ ಗೆಲುವು ಅವರದೇ. ಫ್ರೆಂಚ್ ಗಣಿತಜ್ಞ ಕಾಂಡೋರ್ಸೆ 1785ರಲ್ಲಿ ಬರೆದ ಪ್ರಬಂಧದ ವಿಚಾರವೇ ಇದು.

ಮತದಾನವನ್ನು ಸಿದ್ಧಪಡಿಸುವುದು ಅರ್ಧ ಗಂಟೆಯ ಕೆಲಸ. ಮೊದಲೇ ತೀರ್ಮಾನಿಸಬೇಕಾದದ್ದು, ಕೊಂಡಿ ಸಿಕ್ಕವರೆಲ್ಲ ಮತ ಹಾಕುವ ಸಾರ್ವಜನಿಕ ಮತದಾನವೋ, ಪಟ್ಟಿಯಲ್ಲಿರುವವರಿಗೆ ಮಾತ್ರ ಇಮೇಲ್ ಮೂಲಕ ತಲುಪುವ ಖಾಸಗಿ ಮತದಾನವೋ ಎಂಬುದು. ಅಭಿಮಾನಿಗಳ ವಿಷಯದಲ್ಲಿ ಮೊದಲನೆಯದನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. 1957ರಲ್ಲಿ ಅಮೆರಿಕದ ಬೇಸ್‌ಬಾಲ್ ಆಲ್‌ಸ್ಟಾರ್ ಪಂದ್ಯಕ್ಕೆ, ಅಂದರೆ ಬೇರೆ ಬೇರೆ ತಂಡಗಳ ಶ್ರೇಷ್ಠರು ಸೇರಿ ಆಡುವ ಪಂದ್ಯಕ್ಕೆ, ಅಭಿಮಾನಿಗಳ ಮತದಿಂದ ಆಟಗಾರರನ್ನು ಆರಿಸುವಾಗ ಸಿನ್ಸಿನಾಟಿ ತಂಡದ ಅಭಿಮಾನಿಗಳು ಮತಪತ್ರಗಳ ಮಳೆಯನ್ನೇ ಸುರಿಸಿ, ಎಂಟು ಸ್ಥಾನಗಳಲ್ಲಿ ಏಳನ್ನು ತಮ್ಮ ತಂಡದವರಿಗೇ ದೊರಕಿಸಿಕೊಟ್ಟಿದ್ದರು. ಬೇಸ್‌ಬಾಲ್ ಆಯುಕ್ತ ಫೋರ್ಡ್ ಫ್ರಿಕ್ ಆ ಏಳು ಮಂದಿಯಲ್ಲಿ ಇಬ್ಬರನ್ನು ಕೈಬಿಟ್ಟು ಬೇರೆ ತಂಡಗಳ ವಿಲ್ಲಿ ಮೇಸ್ ಮತ್ತು ಹ್ಯಾಂಕ್ ಆರನ್ ಅವರನ್ನು ಸೇರಿಸಿದರು, ಅಭಿಮಾನಿಗಳ ಕೈಯಿಂದ ಹೋದ ಮತದ ಹಕ್ಕು ಮರಳಿ ಬಂದದ್ದು 1970ರಲ್ಲಿ. ಅಲ್ಲಿ ಯಾರೂ ಎಣಿಕೆಯಲ್ಲಿ ತಪ್ಪಿರಲಿಲ್ಲ. ಯಾರು ಮತದಾರರು ಎಂಬುದನ್ನೇ ಗೊತ್ತುಮಾಡಿರಲಿಲ್ಲ, ಅಷ್ಟೆ. ಆದ್ದರಿಂದ ನಾನು ಸದಸ್ಯರ ಪಟ್ಟಿಯನ್ನು ಮೊದಲು ಪ್ರಕಟಿಸಿ, ಆಕ್ಷೇಪಣೆಗೆ ವಾರದ ಗಡುವು ಕೊಟ್ಟು, ಅನಂತರವೇ ಇಮೇಲ್ ವಿಳಾಸಗಳನ್ನು ಸೇರಿಸಿದೆ.

ಮತಪತ್ರದ ಪುಟ ನೋಡಲು ಹಳೆಯ ಕಾಲದ್ದು. ಅಲಂಕಾರವನ್ನು ನಿರೀಕ್ಷಿಸುವವರಿಗೆ ನಿರಾಸೆಯಾದೀತು. ಆದರೆ ಅದಕ್ಕಿಂತ ಮುಖ್ಯವಾದ ತೊಡಕೊಂದು ಅಲ್ಲಿದೆ. ಪುಟ ತೆರೆದಾಗ ಎಲ್ಲ ಅಭ್ಯರ್ಥಿಗಳೂ ಕಡೆಯ ಸ್ಥಾನದಲ್ಲಿ ಸಮನಾಗಿ ಕುಳಿತಿರುತ್ತಾರೆ. ತಮಗೆ ಬೇಕಾದವರೊಬ್ಬರನ್ನು ಮೊದಲ ಸ್ಥಾನಕ್ಕೆ ಏರಿಸಿ ಮತ ಸಲ್ಲಿಸಿದರೆ, ಉಳಿದವರಲ್ಲಿ ಯಾರಾದರೂ ನನಗೆ ಒಂದೇ ಎಂದು ಹೇಳಿದಂತಾಗುತ್ತದೆ. ಸಮಸ್ಥಾನ ಕೊಡುವ ಸ್ವಾತಂತ್ರ್ಯ ಒಳ್ಳೆಯದೇ. ಆದರೆ ಒಂದೇ ಗುರುತು ಹಾಕಿ ಅಭ್ಯಾಸವಾದ ನಮ್ಮ ಕೈ ಅಲ್ಲಿಗೇ ನಿಂತುಬಿಡುತ್ತದೆ. ಇದನ್ನು ತಡೆಯಲು ಮತದಾನದ ವಿವರಣೆಯಲ್ಲಿ ಎರಡು ಸಾಲು ಸೂಚನೆ ಬರೆದಿದ್ದೆ. ಓದಿದವರು ಓದಿದರು.

ಫಲಿತಾಂಶದ ಪುಟವೇ ಈ ಸೇವೆಯ ನಿಜವಾದ ಬಲ. ಮತ ಹಾಕಿದವರು 41 ಮಂದಿ, ಅಭ್ಯರ್ಥಿಗಳು ಮೂವರು. ಅವರನ್ನು ಇಲ್ಲಿ ಕ, ಚ, ಟ ಎಂದು ಕರೆಯುತ್ತೇನೆ. ಮೊದಲ ಪ್ರಾಶಸ್ತ್ಯದ ಮತಗಳು ಕ ಅವರಿಗೆ 17, ಚ ಅವರಿಗೆ 13, ಟ ಅವರಿಗೆ 11. ಹಳೆಯ ಪದ್ಧತಿಯಲ್ಲಾಗಿದ್ದರೆ ಕ ಗೆದ್ದು, ಅವರನ್ನು ಮೊದಲ ಸ್ಥಾನದಲ್ಲಿಡದ 24 ಮಂದಿ ಎಂದಿನಂತೆ ಮುನಿಸಿಕೊಳ್ಳುತ್ತಿದ್ದರು. ಕಡೆಯ ಸ್ಥಾನದವರನ್ನು ಕೈಬಿಟ್ಟು ಅವರ ಮತಗಳನ್ನು ಎರಡನೆಯ ಪ್ರಾಶಸ್ತ್ಯಕ್ಕೆ ವರ್ಗಾಯಿಸುವ ಪದ್ಧತಿಯಲ್ಲಾದರೆ ಟ ಮೊದಲೇ ಹೊರಬೀಳುತ್ತಿದ್ದರು. ಅವರ 11 ಮತಗಳಲ್ಲಿ 9 ಚ ಅವರಿಗೂ 2 ಕ ಅವರಿಗೂ ಸೇರಿ, ಚ 22–19ರಿಂದ ಗೆಲ್ಲುತ್ತಿದ್ದರು. ಆದರೆ ಎದುರುಬದುರು ಎಣಿಕೆಯಲ್ಲಿ ಟ ಅವರು ಕ ಅವರನ್ನು 23–18ರಿಂದಲೂ, ಚ ಅವರನ್ನು 27–14ರಿಂದಲೂ ಸೋಲಿಸಿದ್ದರು. ಅದೇ 41 ಮತಪತ್ರಗಳು, ಮೂರು ಎಣಿಕೆಗಳು, ಮೂವರು ವಿಜೇತರು. ಕ ಮತ್ತು ಚ ಅವರ ಬೆಂಬಲಿಗರಿಗೆ ಪರಸ್ಪರರ ಅಭ್ಯರ್ಥಿ ಬೇಡವಾಗಿದ್ದರು, ಟ ಇಬ್ಬರಿಗೂ ಒಪ್ಪಿಗೆಯಾಗಿದ್ದರು ಎಂಬ ಸಂಗತಿ ಒಂದೇ ಗುರುತಿನ ಮತಪತ್ರದಲ್ಲಿ ಎಂದೂ ಕಾಣಿಸುತ್ತಿರಲಿಲ್ಲ. ಈ ಅಂಕಿಗಳ ಕೋಷ್ಟಕವನ್ನು ಸೇವೆಯೇ ತೋರಿಸುವುದರಿಂದ ನಾನು ವಾದಿಸಬೇಕಾಗಿ ಬರಲಿಲ್ಲ. ಕ ಅವರು ಕೋಷ್ಟಕವನ್ನು ಎರಡು ಬಾರಿ ಕೂಡಿಸಿ ನೋಡಿ, ‘ಸರಿ, ಲೆಕ್ಕ ಸರಿಯಿದೆ’ ಎಂದಷ್ಟೇ ಹೇಳಿದರು. ಅವರಿಂದ ಅಷ್ಟು ಬಂದದ್ದೇ ಹೆಚ್ಚು.

ಎಲ್ಲ ಚುನಾವಣೆಗಳೂ ಇಷ್ಟು ಸಲೀಸಾಗಿ ಮುಗಿಯುವುದಿಲ್ಲ. ಒಬ್ಬರನ್ನು ಎರಡನೆಯವರು, ಎರಡನೆಯವರನ್ನು ಮೂರನೆಯವರು, ಮೂರನೆಯವರನ್ನು ಮತ್ತೆ ಮೊದಲನೆಯವರು ಸೋಲಿಸುವ ಸುತ್ತು ಉಂಟಾಗಬಹುದೆಂಬುದು ಕಾಂಡೋರ್ಸೆಗೇ ತಿಳಿದಿತ್ತು. ಅಂಥ ಸಂದರ್ಭಕ್ಕೆಂದು ಸೇವೆಯಲ್ಲಿ ಹಲವು ನಿಯಮಗಳಿವೆ, ಫಲಿತಾಂಶದ ಪುಟದಲ್ಲಿಯೇ ಒಂದರಿಂದ ಇನ್ನೊಂದಕ್ಕೆ ಬದಲಿಸಿ ನೋಡಬಹುದು. ಈ ಅನುಕೂಲವೇ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ: ಯಾವ ನಿಯಮದ ಫಲಿತಾಂಶವನ್ನು ಒಪ್ಪುತ್ತೇವೆಂದು ಮತದಾನಕ್ಕೆ ಮುನ್ನವೇ ಬರೆದಿಡದಿದ್ದರೆ, ಸೋತವರು ತಮಗೆ ಬೇಕಾದ ನಿಯಮವನ್ನು ಹುಡುಕಿಕೊಂಡು ಬರುತ್ತಾರೆ.

‘ಯಾರೂ ಬೇಡ’ ಎಂಬ ಆಯ್ಕೆ ಇಲ್ಲಿ ತಾನಾಗಿ ಬರುವುದಿಲ್ಲ. ಬೇಕಿದ್ದರೆ ಅದನ್ನೂ ಒಬ್ಬ ಅಭ್ಯರ್ಥಿಯಂತೆ ಪಟ್ಟಿಗೆ ಸೇರಿಸಬೇಕು. ನಾನು ಸೇರಿಸಲಿಲ್ಲ, ಸೇರಿಸಬೇಕಿತ್ತು. ವಿಜ್ಞಾನ ಕಥೆಗಳ ಹ್ಯೂಗೋ ಪ್ರಶಸ್ತಿಯಲ್ಲಿ ಅಂತಿಮ ಮತಪತ್ರದ ಮೇಲೆ ಅಂಥ ಆಯ್ಕೆ ಇರುವುದರಿಂದಲೇ, ಗುಂಪುಗಾರಿಕೆಯಿಂದ ನಾಮನಿರ್ದೇಶನಗಳು ತುಂಬಿಹೋಗಿದ್ದ 2015ರಲ್ಲಿ ಸದಸ್ಯರು ಐದು ವಿಭಾಗಗಳಲ್ಲಿ ಯಾರಿಗೂ ಪ್ರಶಸ್ತಿ ಬೇಡವೆಂದು ತೀರ್ಮಾನಿಸಲು ಸಾಧ್ಯವಾಯಿತು. ಅಲ್ಲಿನವರು ಬಳಿಕ ನಾಮನಿರ್ದೇಶನದ ಎಣಿಕೆಯನ್ನೇ ಬದಲಿಸಿಕೊಂಡರು, 2017ರಿಂದ ಅದು ಜಾರಿಯಲ್ಲಿದೆ.

ಕೊರತೆಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇಮೇಲ್. ಈ ಸೇವೆಯಿಂದ ಪತ್ರ ಬರಬಹುದೆಂದು ಮತದಾರರು ಮೊದಲೇ ಒಪ್ಪಿಗೆ ಕೊಟ್ಟಿರಬೇಕು. ಕೊಡದವರಿಗೆ ಮತಪತ್ರದ ಕೊಂಡಿ ತಲುಪುವುದಿಲ್ಲ. ಅನಗತ್ಯ ಅಂಚೆಯನ್ನು ತಡೆಯುವ ಉದ್ದೇಶ ಸರಿಯಾದದ್ದೇ, ಆದರೆ ಚುನಾವಣೆ ನಡೆಸುವವರ ಪಾಲಿಗೆ ಅದು ಒಂದು ವಾರದ ಫೋನ್ ಕರೆಗಳ ಕೆಲಸ. ಇನ್ನೊಂದು ಮಾತು: ಈ ಸೇವೆಯಲ್ಲಿ ಎಣಿಸುವ ಗಣಕವನ್ನು ನಂಬಲೇಬೇಕು. ಬಳಗದ ಸಂಚಾಲಕರನ್ನು ಆರಿಸಲು ಆ ನಂಬಿಕೆ ಸಾಕು. ಅಧಿಕಾರವೂ ಹಣವೂ ಸೇರಿದ ಸರ್ಕಾರಿ ಚುನಾವಣೆಗೆ ಸಾಲದು. ಅಲ್ಲಿ ಮತ್ತೆ ಎಣಿಸಬಹುದಾದ ಕಾಗದವೇ ಬೇಕು.

ನಮ್ಮ ಚುನಾವಣೆಯ ಸುದ್ದಿ ತಿಳಿದು, ನಾನು ವಾಸಿಸುವ ವಸತಿ ಸಮುಚ್ಚಯದ ಸಂಘದವರು ಐವರ ಸಮಿತಿಯ ಆಯ್ಕೆಗೂ ಇದನ್ನೇ ಬಳಸೋಣವೆಂದು ಕೇಳಿದ್ದಾರೆ. ಅದು ಬೇರೆಯೇ ಲೆಕ್ಕ. ಸಾಮಾನ್ಯ ಪ್ರಾಶಸ್ತ್ಯದ ಕ್ರಮದಲ್ಲಿ ಮೊದಲ ಐವರನ್ನು ತೆಗೆದುಕೊಂಡರೆ ದೊಡ್ಡ ಗುಂಪಿಗೇ ಐದೂ ಸ್ಥಾನಗಳು ಹೋಗಬಹುದು; ಹಾಗಾಗದಂತೆ, ಗುಂಪಿನ ಬಲಕ್ಕೆ ತಕ್ಕಷ್ಟು ಸ್ಥಾನ ಕೊಡುವ ‘ಪ್ರಮಾಣಾನುಗುಣ ಪ್ರಾತಿನಿಧ್ಯ’ದ ಆಯ್ಕೆಯೂ ಸೇವೆಯಲ್ಲಿದೆ, ಆದರೆ ಅದನ್ನು ಮತದಾನ ಸಿದ್ಧಪಡಿಸುವಾಗಲೇ ಗುರುತಿಸಬೇಕಾಗುತ್ತದೆ. ಜೊತೆಗೆ ಇಮೇಲ್ ಬಳಸದ ಹಿರಿಯರ ಮನೆಗಳು ಆರೇಳಿವೆ. ಅವರ ಮಕ್ಕಳ ವಿಳಾಸಕ್ಕೆ ಕೊಂಡಿ ಕಳುಹಿಸಿದರಾಯಿತು ಎಂದು ಕಾರ್ಯದರ್ಶಿಗಳು ಸೂಚಿಸಿದರು. ಹಾಗಾದರೆ ಮತ ಹಾಕುವವರು ಮಕ್ಕಳೇ ಆಗುತ್ತಾರಲ್ಲ ಎಂದು ಕೇಳಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.